ಹೂಂಗುಟ್ಟದೆ ಕೇಳಬೇಕಾಗಿದ್ದ ಫೋನು

ನಮ್ಮ ಕಡೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಹೂಂಗುಟ್ಟಲೇಬೇಕು. ಕಣ್ಣು ಎಲ್ಲಿದ್ದರೂ ಪರವಾಗಿಲ್ಲ, ಕೈ ಅಕ್ಕಿ ಆರಿಸುತ್ತಿದ್ದರೂ ಪರವಾಗಿಲ್ಲ, ಬಾಯಿ ಮಾತ್ರ ನಡುನಡುವೆ ‘ಹೂಂ’ ಅನ್ನುತ್ತಿರಬೇಕು. ಮಿಡಿಗೇಶಿಯ ನನ್ನ ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಟ್ಟುವುದು ನಿಲ್ಲಿಸಿದರೆ ಅವಳೂ ನಿಲ್ಲಿಸಿಬಿಡುತ್ತಿದ್ದಳು. “ನಾನೇನು ಗೋಡೆಗೆ ಹೇಳ್ತಾ ಇವ್ನಾ?” ಅಂತ ಕೇಳಿ ಆ ಕಡೆ ಮಗ್ಗುಲಾಗುತ್ತಿದ್ದಳು. ಬಾವಿಗೆ ಬಿದ್ದ ರಾಜಕುಮಾರಿ ಆವತ್ತು ಬಾವಿಯಲ್ಲೇ ಉಳಿಯಬೇಕು. ಇಂಥ ಒಳ್ಳೆಯ ಅಭ್ಯಾಸದಿಂದ ಒಂದು ಮದುವೆ ಮುರಿದು ಬೀಳುವ ಹಂತಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಗ ಶಿರಾದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಎಸ್‌ಟಿಡಿ ಬೂತ್ ಇತ್ತು. ಚಿಕ್ಕಂದಿನಲ್ಲೇ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿತ್ತು. ಅಂಗವಿಕಲರಿಗೆ ಅಂತ ಮೀಸಲಿಟ್ಟಿದ್ದ ಬೂತು ಹಾಗಾಗಿ ನನಗೆ ಮಂಜೂರಾಯಿತು. ಕಾಲು ಹೋಯಿತು, ಫೋನು ಬಂತು ಅಂತ ನಾನೇ ತಮಾಷೆ ಮಾಡುತ್ತಿದ್ದೆ. ಬೇರೆಯವರು ಮಾಡಿದರೆ ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ. ಗಾಜಿನ ಬಾಗಿಲಿನ ಒಂದು ಕ್ಯಾಬಿನ್, ಹೊರಗೆ ಒಂದು ಬೆಂಚು, ನನ್ನ ಮೇಜು, ಕೆಂಪು ಅಂಕಿ ಓಡುವ ಒಂದು ಮೀಟರು, ಇಷ್ಟೇ ನನ್ನ ಸಾಮ್ರಾಜ್ಯ. ಸುತ್ತಮುತ್ತಲ ಎಷ್ಟೋ ಮನೆಗಳ ಗಂಡಸರು ಗಲ್ಫಿನಲ್ಲಿದ್ದರು. ಅಲ್ಲಿಗೆ ಫೋನ್ ಮಾಡಲು ಬಂದವರು ಮಾತಿನ ಕಡೆಗಿಂತ ಮೀಟರಿನ ಕಡೆಗೇ ಹೆಚ್ಚು ನೋಡುತ್ತಿದ್ದರು. ಎಲ್ಲರೂ ಚೆನ್ನಾಗಿದ್ದೀವಿ ಅಂತ ಒಂದೇ ಉಸಿರಿನಲ್ಲಿ ಹೇಳಿ ಇಟ್ಟುಬಿಡುವರು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಕೂತು, ಹೇಳದೆ ಉಳಿದದ್ದನ್ನೆಲ್ಲ ನನಗೆ ಹೇಳುವರು. ನಾನು ಹೂಂಗುಟ್ಟುತ್ತಿದ್ದೆ.

ಇಂಟರ್‌ನೆಟ್ ಮೂಲಕ ಮಾತಾಡಿದರೆ ಬಹಳ ಅಗ್ಗ ಅನ್ನುವ ಸುದ್ದಿ ಆಗಲೇ ಊರಿಗೆ ಬಂದಿತ್ತು. ಆದರೆ ನಮಗೆ ಲೈನು ಕೊಟ್ಟಿದ್ದ ಹಳೆಯ ಫೋನ್ ಕಂಪನಿಯವರಿಗೆ ಆ ಹೆಸರು ಕೇಳಿದರೇ ಆಗುತ್ತಿರಲಿಲ್ಲ. ತಪಾಸಣೆಗೆ ಬಂದಾಗಲೆಲ್ಲ, “ಕದ್ದು ನೆಟ್ ಕಾಲ್ ಮಾಡಿಸ್ತಾ ಇಲ್ಲ ತಾನೆ?” ಅಂತ ಮೇಜಿನ ಕೆಳಗೆ ಬಗ್ಗಿ ಹುಡುಕುತ್ತಿದ್ದರು. ಅಲ್ಲಿ ನನ್ನ ಊರುಗೋಲು ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಅದನ್ನೂ ಒಮ್ಮೆ ಎತ್ತಿ ನೋಡಿದರು ಪುಣ್ಯಾತ್ಮರು.

ಅಂಥವರು ಒಂದು ದಿನ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಬೂತಿನವರನ್ನೆಲ್ಲ ಮಧುಗಿರಿಗೆ ಕರೆಸಿದರು. ಬೆಟ್ಟದ ಬಿಸಿಲು ನೇರ ಒಳಗೆ ಬೀಳುವ ಒಂದು ಹಾಲಿನಲ್ಲಿ ನಮ್ಮನ್ನು ಕೂರಿಸಿ, ಎಲ್ಲರ ಕೈಗೂ ಮೈಸೂರ್ ಪಾಕ್ ಕೊಟ್ಟು, ಅಧಿಕಾರಿ ನಗುನಗುತ್ತಾ ಘೋಷಿಸಿದರು: ಇಂಟರ್‌ನೆಟ್ ಫೋನಿನ ಹೊಸ ಕಂಪನಿಯೊಂದರ ಜತೆ ನಮ್ಮ ಕಂಪನಿ ಕೈಜೋಡಿಸಿದೆ, ಇನ್ನು ಮೇಲೆ ಅಗ್ಗದ ಕರೆಗೆ ಅಂತ ಅವರು ಮಾಡಿರುವ ಕಾರ್ಡುಗಳನ್ನು ನೀವೇ ಮಾರಬೇಕು. ನಿನ್ನೆಯವರೆಗೆ ಕಳ್ಳತನವಾಗಿದ್ದದ್ದು ಈವತ್ತು ಯೋಜನೆಯಾಯಿತು. ಹಗೆತನವಿದ್ದ ಎರಡು ಮನೆಗಳು ದಿಢೀರನೆ ಬೀಗರಾದ ಹಾಗಿತ್ತು. ಮೈಸೂರ್ ಪಾಕ್ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅಧಿಕಾರಿ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು. ನಮ್ಮ ಬೂತಿನಿಂದ ಬೆಂಗಳೂರಿನವರೆಗೆ ಮಾತು ಹಳೆಯ ತಂತಿಯಲ್ಲೇ ಹೋಗುತ್ತದೆ. ಅಲ್ಲಿ ಹೊಸ ಕಂಪನಿಯ ಯಂತ್ರ ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಇಂಟರ್‌ನೆಟ್ಟಿಗೆ ಬಿಡುತ್ತದೆ. ಕರೆ ಸೇರುವ ದೇಶದಲ್ಲಿ ಮತ್ತೆ ಕೂಡಿಸಿ ಕೇಳಿಸುತ್ತದೆ. ಪಾವಗಡದ ಕ್ಯಾತಗಾನಚೆರ್ಲು ಕಡೆಯಿಂದ ಬಂದಿದ್ದ ಬೂತಿನ ಹಿರಿಯರೊಬ್ಬರು ಎದ್ದು ನಿಂತು, ತುಂಡಿಗೆ ಮುಕ್ಕ ಅನ್ನುವ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

“ಅದಿ ಸರೆ ಸಾರ್, ಮಾತನ್ನ ಮುಕ್ಕಲು ಮುಕ್ಕಲು ಮಾಡಿ ಕಳಿಸ್ತೀರಿ. ದಾರಿನಾಗೆ ಒಂದು ಮುಕ್ಕ ಬಿದ್ದೋದ್ರೆ ಎತ್ಕೊಂಡು ಬರೋರು ಎವರು?”

ಹಾಲೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕು, ಬೀಳೋದಿಲ್ಲ ಬಿಡಿ ಅಂದರು. ನಾನು ಆ ಕಾರ್ಡುಗಳ ಕಟ್ಟನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ಸಾಯಂಕಾಲದ ಬಸ್ಸಿಗೆ ಶಿರಾಕ್ಕೆ ಬಂದೆ.

ಕಾರ್ಡು ಬಂದದ್ದು ಅತಿ ಹೆಚ್ಚು ಖುಷಿ ಕೊಟ್ಟದ್ದು ಆಪಾಗೆ. ಅವರು ನಮ್ಮ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದವರು. ಅಕ್ಕ ಅನ್ನುವುದಕ್ಕೆ ಅವರ ಮನೆಯಲ್ಲಿ ಆಪಾ ಅನ್ನುತ್ತಾರೆ, ನನಗೂ ಅವರು ಆಪಾ. ಗಂಡ ಸೌದಿಯಲ್ಲಿ ಎ.ಸಿ. ರಿಪೇರಿ ಕೆಲಸ ಮಾಡುತ್ತಿದ್ದರು. ಅಲ್ಲಿ ಅವರಿಗೆ ಶುಕ್ರವಾರ ರಜೆ, ಜತೆಗಿದ್ದವರೊಬ್ಬರ ಮೊಬೈಲಿಗೆ ನಾವು ಮಾಡಬೇಕು. ಮನೆಯಲ್ಲಿ ಮದುವೆಗೆ ಬಂದ ಒಬ್ಬಳೇ ಮಗಳು. ಕೊರಟಗೆರೆಯಲ್ಲಿ ಬಳೆ ಅಂಗಡಿ ಇಟ್ಟ ಒಳ್ಳೆಯ ಮನೆತನದಿಂದ ಕೇಳಿಕೊಂಡು ಬಂದಿದ್ದರು. ಹುಡುಗಿಗೂ ಇಷ್ಟವಿತ್ತು, ಕೊರಟಗೆರೆ ಅನ್ನುವ ಬೋರ್ಡಿನ ಬಸ್ಸು ಹೋದರೆ ಅವಳು ತಲೆ ಎತ್ತುತ್ತಿದ್ದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಗಂಡಿನ ತಂದೆ ಹಳೆಯ ಕಾಲದ ಮನುಷ್ಯ. ಹುಡುಗಿಯ ತಂದೆಯ ಬಾಯಿಂದ ಒಪ್ಪಿಗೆ ಬರದೆ ಮುಂದಿನ ಮಾತೇ ಇಲ್ಲ ಅಂದುಬಿಟ್ಟಿದ್ದರು.

ಮೀಟರು ಓಡುವ ಹಳೆಯ ಲೈನಿನಲ್ಲಿ ಇಂಥ ಉದ್ದದ ಮಾತು ಆಡಲು ಆಗುತ್ತಿರಲಿಲ್ಲ. ಈಗ ಕಾರ್ಡಿತ್ತು. ಶುಕ್ರವಾರ ಮಧ್ಯಾಹ್ನ ಆಪಾ ಬುರ್ಖಾ ಸರಿಮಾಡಿಕೊಂಡು ಕ್ಯಾಬಿನ್ ಹೊಕ್ಕರು. ನಾನು ಕಾರ್ಡಿನ ಬೆನ್ನು ಕೆರೆದು, ಅಂಕಿ ಒತ್ತಿ, ಇಂಗ್ಲಿಷಿನ ಹೆಂಗಸಿನ ಉಪದೇಶವನ್ನೆಲ್ಲ ಕೇಳಿಸಿಕೊಂಡು, ಗಂಟೆ ಹೊಡೆದ ಮೇಲೆ ರಿಸೀವರ್ ಅವರ ಕೈಗೆ ಕೊಟ್ಟೆ. ಸಲಾಮು, ಆರೋಗ್ಯ, ಊಟ ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಆಪಾ ಕೊರಟಗೆರೆಯ ವಿಷಯ ಎತ್ತಿದರು. ಎತ್ತಿ, ಕೇಳಿಸಿಕೊಳ್ಳಲು ನಿಂತರು. ಸ್ವಲ್ಪ ಹೊತ್ತಿಗೆ ಅವರ ಮುಖ ಸಣ್ಣದಾಯಿತು.

“ಮಿಕ್ಕಿದ್ದೆಲ್ಲಾ ಮಾತಾಡ್ತಾರೆ ತಂಗಿ,” ಅಂದರು ಹೊರಗೆ ಬಂದು. “ಬೇಟಿ ಶಾದಿ ಅಂದೆ ನೋಡು, ಸುಮ್ನಾಗ್ಬುಟ್ರು.”

ಮುಂದಿನ ಶುಕ್ರವಾರವೂ ಹಾಗೇ ಆಯಿತು. ಅದರ ಮುಂದಿನ ಸಲ ಇನ್ನೂ ಕೆಟ್ಟದಾಯಿತು. ಗಂಡ ಏನೋ ಶುರು ಮಾಡುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಶುರು ಮಾಡುತ್ತಾರೆ, ಮತ್ತೆ ನಿಶ್ಶಬ್ದ. ಕೊನೆಗೆ ಸಿಟ್ಟಿನಿಂದ ಏನೋ ಅಂದು ಇಟ್ಟೇಬಿಟ್ಟರು. ಆಪಾ ಬೆಂಚಿನ ಮೇಲೆ ಕೂತು ಅತ್ತರು. ಅವರಿಗೆ ಸಂಬಂಧ ಇಷ್ಟವಿಲ್ಲವೇನೋ, ಅಲ್ಲೇನಾದರೂ ತೊಂದರೆಯಲ್ಲಿದ್ದಾರೇನೋ, ನನ್ನ ಮೇಲೇ ಬೇಸರವೇನೋ ಅಂತ ಒಂದೊಂದಾಗಿ ಹೇಳಿದರು. ಅದಕ್ಕಿಂತ ದೊಡ್ಡ ಇನ್ನೊಂದು ಅನುಮಾನವೂ ಅವರಿಗಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡಸು ದೂರದಲ್ಲಿರುವ ಮನೆಗಳಲ್ಲಿ ಆ ಅನುಮಾನಕ್ಕೆ ಹೆಸರು ಬೇಕಾಗುವುದಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮಧುಗಿರಿಯ ಅಧಿಕಾರಿಗೆ ಫೋನ್ ಮಾಡಿ, ಏನ್ ಸಾರ್ ನಿಮ್ಮ ಕಾರ್ಡು ಅಂತ ತರಾಟೆಗೆ ತೆಗೆದುಕೊಂಡೆ. ನಮ್ಮ ಲೈನ್ ಸರಿಯಾಗಿದೆ, ಹೊಸ ಕಂಪನಿಯವರನ್ನು ಕೇಳಿ ಅಂದರು. ಹೊಸ ಕಂಪನಿಯ ಸಹಾಯವಾಣಿಯ ಹುಡುಗ, ನಮ್ಮಲ್ಲಿ ತೊಂದರೆ ಇಲ್ಲ ಮೇಡಂ, ಲೋಕಲ್ ಲೈನ್ ಚೆಕ್ ಮಾಡಿಸಿ ಅಂದ. ಬೀಗರಾಗಿ ಇನ್ನೂ ಸರಿಯಾಗಿ ನೆಂಟಸ್ತಿಕೆ ಕೂಡಿರಲಿಲ್ಲ, ಆಗಲೇ ಒಬ್ಬರ ಮೇಲೊಬ್ಬರು ಹಾಕುವುದಕ್ಕೆ ಕಲಿತಿದ್ದರು. ಹಳೆಯ ಐಎಸ್‌ಡಿ ಲೈನಿನಲ್ಲೇ ಮಾಡಿಕೊಡುತ್ತೇನೆ, ನನ್ನ ಲೆಕ್ಕದಲ್ಲಿರಲಿ ಅಂತ ಆಪಾಗೆ ಹೇಳಿದೆ. “ಇಲ್ಲ ತಂಗಿ. ಮಗಳ ಶಾದಿ ಮಾತು ಇನ್ನೊಬ್ರ ದುಡ್ಡಲ್ಲಿ ಆಡ್ಬಾರ್ದು” ಅಂದರು. ಆ ವಿಷಯದಲ್ಲಿ ಅವರು ಕಲ್ಲು.

ಅಷ್ಟರಲ್ಲಿ ಕೊರಟಗೆರೆಯಿಂದ ಹೇಳಿ ಕಳಿಸಿದರು. ಮಧುಗಿರಿಯ ಕಡೆಯ ಇನ್ನೊಂದು ಹುಡುಗಿಯ ಮನೆಯವರೂ ಕೇಳುತ್ತಿದ್ದಾರೆ, ಹೆಚ್ಚು ದಿನ ಕಾಯಲಾಗುವುದಿಲ್ಲ ಅಂತ. ಮಗಳು ಅಮ್ಮನ ಹೊಲಿಗೆಗೆ ಎಂದಿನ ಹಾಗೆ ಕೈ ಜೋಡಿಸುತ್ತಲೇ ಇದ್ದಳು. ಆದರೆ ನನ್ನ ರವಿಕೆಯ ತೋಳಿಗೆ ಹೊಲಿಗೆ ಹಾಕುತ್ತಿದ್ದವಳು ಎರಡು ತೋಳನ್ನೂ ಒಂದೇ ಕಡೆಗೆ ಸೇರಿಸಿಬಿಟ್ಟಳು. ನಾನು ಬೈಯುವುದಕ್ಕೆ ಅಂತ ಹೋದವಳು ಅವಳ ಮುಖ ನೋಡಿ ವಾಪಸು ಬಂದೆ.

ಅದರ ನಂತರದ ಶುಕ್ರವಾರ ಆಪಾ ಕ್ಯಾಬಿನ್ನಿನ ಬಾಗಿಲು ಹಾಕಿಕೊಳ್ಳಲಿಲ್ಲ. ನನ್ನ ಕಣ್ಣೆದುರಿಗೇ ಮಾತಾಡಿದರು. ಕೊರಟಗೆರೆಯ ಮಾತು ಬಂದ ಕೂಡಲೇ ಅವರು ಗೋಡೆಗೆ ಒರಗಿ, ತಲೆ ಬಾಗಿಸಿ, ಅವರ ಉರ್ದುವಿನ ನಮ್ಮೂರ ಧಾಟಿಯಲ್ಲಿ “ಹೌ ಜೀ… ಹೌ… ಹೌ ಜೀ…” ಅನ್ನುತ್ತಾ ನಿಂತರು. ನಮ್ಮ ಹೂಂಗೆ ಅವರದು ಹೌ. ಸ್ವಲ್ಪ ಹೊತ್ತಿಗೆ ಕಣ್ಣು ತುಂಬಿ, ನನ್ನನ್ನು ಒಳಗೆ ಕರೆದು ರಿಸೀವರನ್ನು ನನ್ನ ಕಿವಿಗೆ ಇಟ್ಟರು.

“ನೀನೇ ಕೇಳು. ಆ ಮನುಷ್ಯ ಬಾಯೇ ಬಿಡಲ್ಲ.”

ಬೇರೆಯವರ ಗಂಡನ ಜತೆ ನಾನೇನು ಮಾತಾಡಲಿ? ಉಸಿರು ಬಿಗಿಹಿಡಿದು ಸುಮ್ಮನೆ ನಿಂತೆ. ಆ ಕಡೆಯಿಂದ ಎರಡು ಸಲ ಹಲೋ ಹಲೋ ಅಂತ ಬಂತು. ಆಮೇಲೆ ಒಂದು ನಿಟ್ಟುಸಿರು. ಆಮೇಲೆ ಮಾತು ಶುರುವಾಯಿತು. ನಿಲ್ಲಲೇ ಇಲ್ಲ. ಆ ಬೀದಿಯಲ್ಲೇ ಬದುಕಿದವಳಾದ್ದರಿಂದ ಅವರ ಭಾಷೆ ನನಗೆ ಅರ್ಥವಾಗುತ್ತದೆ. ಅವರು ಹೇಳಿದ್ದು ಇಷ್ಟು: ಈವತ್ತಾದರೂ ನೀನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದೀಯ ಅಂದುಕೊಳ್ಳುತ್ತೇನೆ. ಮೊದಲ ದಿನದಿಂದ ಹೇಳುತ್ತಿದ್ದೇನೆ, ಮನೆತನ ಒಳ್ಳೆಯದು, ಕೊಡು ಅಂತ. ನಾನು ಬಾಯಿ ತೆಗೆದರೆ ಸಾಕು ನೀನು ಅಡ್ಡ ಬರುತ್ತೀಯ, ನನ್ನ ಮಾತೇ ನಿನಗೆ ಬೇಡವಾಯಿತೇ? ಇಷ್ಟು ವರ್ಷ ದೂರ ಇದ್ದವನಿಗೆ ಮಗಳ ಮದುವೆಯಲ್ಲಿ ಮಾತಿಲ್ಲ ಅಂತ ಹೇಳುತ್ತಿದ್ದೀಯೇನು?

ಅವರ ಮಾತು ನನಗೆ ಒಂದೂ ತಪ್ಪದೆ ಕೇಳಿತ್ತು. ಆಪಾಗೆ ಏಕೆ ಕೇಳಲಿಲ್ಲ? ನಾನು ಮಾಡದೆ ಅವರು ಮಾಡಿದ್ದು ಏನು? ನೋಡುತ್ತೇನೆ, ಆಪಾ ನನ್ನ ಪಕ್ಕದಲ್ಲೇ ನಿಂತು, ಏನೂ ಕೇಳಿಸದಿದ್ದರೂ ನನ್ನ ಮುಖವನ್ನೇ ನೋಡುತ್ತಾ ತುಟಿಯಲ್ಲೇ “ಹೌ… ಹೌ…” ಅನ್ನುತ್ತಿದ್ದಾರೆ.

ಆಗ ಹೊಳೆಯಿತು. “ಅಣ್ಣಾ, ನಾನು ಬೂತಿನವಳು. ಒಂಚೂರು ತಡೀರಿ. ಈಗ ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ” ಅಂದೆ. ರಿಸೀವರನ್ನು ಆಪಾನ ಕಿವಿಗೆ ಇಟ್ಟು, ಇನ್ನೊಂದು ಅಂಗೈಯಿಂದ ಅವರ ಬಾಯಿ ಮುಚ್ಚಿಬಿಟ್ಟೆ. ಊರುಗೋಲು ಧಡಾರನೆ ಕೆಳಗೆ ಬಿತ್ತು. ಆಪಾ ಬೆಚ್ಚಿ ಕಣ್ಣರಳಿಸಿದರು. ಆಮೇಲೆ ಆ ಕಣ್ಣುಗಳು ನನ್ನನ್ನು ಬಿಟ್ಟು ಎಲ್ಲಿಗೋ ಹೋದವು. ಆ ಕಡೆಯ ಮಾತು ಈ ಸಲ ಪೂರ್ತಿ ಬರುತ್ತಿತ್ತು. ನನ್ನ ಅಂಗೈ ಕೆಳಗೆ ಅವರ ತುಟಿ ಹೌ ಅನ್ನಲು ಏಳುತ್ತಿತ್ತು, ನಾನು ಒತ್ತಿ ಹಿಡಿಯುತ್ತಿದ್ದೆ, ಮತ್ತೆ ಏಳುತ್ತಿತ್ತು. ಅವರ ಕಣ್ಣೀರು ನನ್ನ ಬೆರಳ ಸಂದಿಯಲ್ಲಿ ಇಳಿಯಿತು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಆಮೇಲೆ ಅಧಿಕಾರಿಯ ಹತ್ತಿರ ಜಗಳವಾಡಿಯೇ ವಿವರ ತೆಗೆದೆ. ಮಾತಿನ ಮಾರ್ದನಿ ಬರಬಾರದು ಅಂತ ಹೊಸ ಕಂಪನಿಯ ಯಂತ್ರ ಒಂದು ಸಲಕ್ಕೆ ಒಂದೇ ಕಡೆಯ ದನಿಯನ್ನು ಬಿಡುತ್ತಿತ್ತಂತೆ, ಒಂದೇ ಗಾಡಿ ದಾಟುವ ಸೇತುವೆಯ ಹಾಗೆ. ಈ ಕಡೆಯಿಂದ ಒಂದು ಹೂಂ ಹೊರಟರೆ ಸಾಕು, ಆ ಕಡೆಯ ಮಾತು ಅಲ್ಲೇ ನಿಲ್ಲಬೇಕು. ಆ ಯಂತ್ರ ಮಾಡಿದವರ ಊರಿನಲ್ಲಿ ಇನ್ನೊಬ್ಬರು ಮಾತಾಡುವಾಗ ಬಾಯಿ ಮುಚ್ಚಿಕೊಂಡು ಕೂರುತ್ತಾರೇನೋ. ಊಟ, ಆರೋಗ್ಯ ಅಂತ ಮಾತಾಡುವಾಗ ಆಪಾ ಹೆಚ್ಚು ಹೂಂಗುಟ್ಟುತ್ತಿರಲಿಲ್ಲ. ಮಗಳ ಮದುವೆಯ ಮಾತು ಬಂದಾಗಲೇ ಜೀವವನ್ನೆಲ್ಲ ಕಿವಿಗೆ ತಂದು, ಗಂಡನ ಮಾತು ಮಾತಿಗೂ ಹೌ ಅನ್ನುತ್ತಿದ್ದರು. ಕೇಳುವ ಆಸೆ ಹೆಚ್ಚಿದಷ್ಟೂ ಕೇಳಿಸುವುದು ಕಡಿಮೆಯಾಯಿತು. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಗಂಡಿನ ತಂದೆ ಸ್ವತಃ ಕೇಳಬೇಕಿತ್ತಲ್ಲ. ಮರುವಾರ ನಮಾಜು ಮುಗಿಸಿಕೊಂಡು ಬಸ್ಸಿನಿಂದಿಳಿದು ಬಂದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ, ದವಡೆಯಲ್ಲಿ ಪಾನು. ಬೆಂಚಿನ ಮೇಲೆ ಕೂತು ಆಪಾನ ಯೋಗಕ್ಷೇಮ ಕೇಳಿದರು. ಅವರು ಹೂಂಗುಟ್ಟುವ ಭರಾಟೆಯೋ ಭರಾಟೆ. ಆಪಾ ಒಂದು ಮಾತು ಹೇಳಿದರೆ ಅವರು ಮೂರು ಸಲ ಹೌ ಹೌ ಹೌ ಅನ್ನುತ್ತಿದ್ದರು, ಅದೂ ಮಸೀದಿಯವರೆಗೆ ಕೇಳುವ ದನಿಯಲ್ಲಿ. ಬೀಗರಾಗುವವರಿಗೆ ಬಾಯಿ ಮುಚ್ಚಿಕೊಳ್ಳಿ ಅಂತ ಹೆಣ್ಣಿನ ತಾಯಿ ಹೇಗೆ ಹೇಳಬೇಕು? ನಾನು ಯಂತ್ರದ ವಿಷಯ ವಿವರಿಸಿದೆ. ತಲೆಯಾಡಿಸಿ, “ಹೌ ಹೌ, ಸಮ್ಜಾ” ಅಂದರು. ಅವರಿಗೆ ಒಂದಿಷ್ಟೂ ಅರ್ಥವಾಗಿರಲಿಲ್ಲ.

ಇರುವ ಒಂದೇ ಆಸರೆ ಅಂದರೆ ಅವರ ಬಾಯಲ್ಲಿದ್ದ ಪಾನು. ಅದು ಇದ್ದರೆ ತುಟಿ ಬಿಚ್ಚುವುದು ಕಷ್ಟ. ಗಂಟೆ ಹೊಡೆಯಿತು, ರಿಸೀವರ್ ಕೊಡಲು ಹೋದೆ. ಆ ಹಿರಿಯರು ಎಂಥ ಸಭ್ಯರೋ, ಬೀಗರ ಜತೆ ಪಾನು ಅಗಿಯುತ್ತಾ ಮಾತಾಡಬಾರದು ಅಂತ ಹೊರಗೆ ಹೋಗಿ ಚರಂಡಿಗೆ ಉಗುಳಿ, ಬಾಯಿ ಮುಕ್ಕಳಿಸಿ ಬಂದರು! ನಾನು ರಿಸೀವರನ್ನು ಆಪಾನ ಕೈಗೆ ತುರುಕಿ, ಕುಂಟುತ್ತಲೇ ಪಕ್ಕದ ಬೀಡಾ ಅಂಗಡಿಗೆ ಓಡಿ, ಇರುವುದರಲ್ಲೇ ದಪ್ಪನೆಯದನ್ನು ತಂದೆ.

“ತಗಳ್ಳಿ ಸಾಹೇಬ್ರೆ, ಬಾಯಿಗೆ ಹಾಕ್ಕಳ್ಳಿ,” ಅಂದೆ. “ಸಂಬಂಧದ ಮಾತಿಗೆ ಬಂದೋರು ಬರೀ ಬಾಯಲ್ಲಿ ಕೇಳ್ಬಾರ್ದು. ನಮ್ಮ ಬೂತಿನಾಗೆ ಇಂಗೇ ಪದ್ಧತಿ.”

ಅಂಥ ಪದ್ಧತಿ ಆ ಕ್ಷಣದಲ್ಲೇ ಹುಟ್ಟಿದ್ದು. ಆದರೆ ಪದ್ಧತಿ ಅಂದ ಮೇಲೆ ಆ ಮನುಷ್ಯ ಎರಡನೇ ಮಾತಾಡಲಿಲ್ಲ. ಬಾಯಿಗಿಟ್ಟುಕೊಂಡು ರಿಸೀವರ್ ಹಿಡಿದರು. ಕೆನ್ನೆ ಉಬ್ಬಿತು. ಮಾತು ಶುರುವಾದ ಮೇಲೆ ಅವರ ತಲೆ ಆಡಿತು, ಹುಬ್ಬು ಆಡಿತು, ಗಡ್ಡ ಆಡಿತು, ದನಿ ಮಾತ್ರ ಹೊರಡಲಿಲ್ಲ. ಆಪಾ ಗಾಜಿನ ಆಚೆ ಕೈಮುಗಿದ ಹಾಗೆ ಬೆರಳು ಹೆಣೆದು ನಿಂತಿದ್ದರು. ಬಹಳ ಹೊತ್ತಾದ ಮೇಲೆ ಹಿರಿಯರು ನನಗೆ ತಡಿ ಅಂತ ಸನ್ನೆ ಮಾಡಿ, ಓಡಿ ಹೋಗಿ ಉಗುಳಿ ಬಂದು, ಫೋನಿಗೆ ಗಟ್ಟಿಯಾಗಿ ಹೇಳಿದರು: “ಬಾತ್ ಪಕ್ಕಾ, ಭಾಯಿ ಸಾಬ್.”

ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. “ಏನಂದ್ರು ಗೊತ್ತಾ ಬೆಹನ್? ಮಗಳು ದೊಡ್ಡೋಳಾಗಿದ್ದು ನಾನು ನೋಡ್ಲಿಲ್ಲ, ಇನ್ಮೇಲೆ ದಿನಾ ನೋಡೋ ನಸೀಬು ನಿಮ್ದು ಅಂದ್ರು” ಅಂತ ಆಪಾಗೆ ಹೇಳಿದರು. ಆಪಾ ಬಾಯಿಯ ಮೇಲೆ ಅಂಗೈ ಇಟ್ಟುಕೊಂಡಿದ್ದರು.

ನಿಖಾ ಆಯಿತು. ರಜೆ ಸಿಗದೆ ತಂದೆ ಬರಲಿಲ್ಲ. ಹುಡುಗಿ ಕೊರಟಗೆರೆಗೆ ಹೋದಳು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂದು, ಕಾರ್ಡೂ ಹೋಯಿತು, ನನ್ನ ಬೂತೂ ಹೋಯಿತು. ಕ್ಯಾಬಿನ್ನಿನ ಜಾಗದಲ್ಲಿ ಈಗ ಜೆರಾಕ್ಸ್ ಯಂತ್ರವಿದೆ. ಆ ಎರಡು ಕಂಪನಿಗಳ ಬೀಗತನ ಎಷ್ಟು ದಿನ ನಡೆಯಿತೋ ನನಗೆ ಗೊತ್ತಿಲ್ಲ. ಅದರಿಂದಾಗಿ ಮೀಟರು ನೋಡದೆ ಮಾತಾಡಿದವರನ್ನು ನಾನು ನೋಡಿದ್ದೇನೆ, ಹಾಗಾಗಿ ಶಾಪ ಹಾಕಲು ಮನಸ್ಸು ಬರುವುದಿಲ್ಲ.

ಆಪಾನ ಯಜಮಾನರು ಕೆಲಸ ಬಿಟ್ಟು ಊರಿಗೆ ಬಂದು ಈಗ ಕೆಲವು ವರ್ಷವಾಗಿದೆ. ಮೊನ್ನೆ ಅಳತೆ ರವಿಕೆ ಕೊಡಲು ಅವರ ಮನೆಗೆ ಹೋಗಿದ್ದೆ. ಕೊರಟಗೆರೆಯಿಂದ ಮಗಳ ವಿಡಿಯೊ ಕಾಲ್ ಬಂದಿತ್ತು. ಮೊಮ್ಮಕ್ಕಳು, ಅಜ್ಜ, ಅಜ್ಜಿ ಎಲ್ಲ ಒಟ್ಟಿಗೇ ಕಿರುಚುತ್ತಿದ್ದರು, ಎಲ್ಲ ಎಲ್ಲರಿಗೂ ಕೇಳುತ್ತಿತ್ತು. ಅದು ಮುಗಿದ ಮೇಲೆ ಚಹಾ ಬಂತು. ಯಜಮಾನರು ಗೋಡೆಗೊರಗಿ ಕೂತು ಅಲ್ಲಿನ ಒಂದು ಕಥೆ ತೆಗೆದರು. ಸುಡುವ ಮಹಡಿಯ ಮೇಲೆ ಎ.ಸಿ. ಬಿಚ್ಚಿ ಕೂತಿದ್ದಾಗ, ಅದರ ಹೊಟ್ಟೆಯೊಳಗೆ ಒಂದು ಪಾರಿವಾಳ ಮರಿ ಮಾಡಿತ್ತಂತೆ. ಹೇಳುತ್ತಾ ಹೇಳುತ್ತಾ ಥಟ್ಟನೆ ನಿಲ್ಲಿಸಿದರು. ಹೆಂಡತಿಯ ಕಡೆ ನೋಡಿದರು. ಆಪಾ ಕಣ್ಣೆಲ್ಲ ಅಗಲ ಮಾಡಿಕೊಂಡು ಕೇಳುತ್ತಿದ್ದರು. ದುಪಟ್ಟಾದ ಅಂಚು ಬಾಯಿಗೆ ಅಡ್ಡವಾಗಿತ್ತು, ಅದರ ಮೇಲೆ ಅಂಗೈ ಒತ್ತಿತ್ತು.

“ಇಷ್ಟು ವರ್ಷ ಆಯ್ತು ನಾನು ಬಂದು,” ಅಂದರು ಅವರು ನನ್ನ ಕಡೆ ತಿರುಗಿ. “ನಾನು ಮಾತಾಡಿದ್ರೆ ಇವ್ಳು ಇಂಗೇ ಬಾಯಿ ಮುಚ್ಕೊಂಡು ಕೂರ್ತಾಳೆ. ನೀನು ಕಲ್ಸಿದ್ದು, ನೀನೇ ಬಿಡ್ಸು ತಂಗಿ.”

ನಾನು ಚಹಾದ ಲೋಟ ಕೆಳಗಿಟ್ಟೆ. ಅವರೇ ಮುಂದೆ ಬಾಗಿ, ಆಪಾನ ಕೈಯನ್ನು ಮೆಲ್ಲಗೆ ಬಾಯಿಂದ ಇಳಿಸಿದರು.

“ಈಗ ನಡುವೆ ತಂತಿ ಇಲ್ಲ,” ಅಂದರು. “ಹೌ ಅನ್ನು.”

ಆಪಾ ನನ್ನನ್ನು ನೋಡಿದರು, ಅವರನ್ನು ನೋಡಿದರು. ನಾಚಿಕೆಯಿಂದ, ಬಹಳ ಸಣ್ಣಗೆ, “ಹೌ ಜೀ” ಅಂದರು.

ಅವರು ಪಾರಿವಾಳದ ಕಥೆಯನ್ನು ಮೊದಲಿನಿಂದ ಶುರು ಮಾಡಿದರು.